ಏರಿನಲ್ಲಿ ನಿಲ್ಲದ ಗಾಡಿ

ಹದಿನೆಂಟು ವರ್ಷ ಮೋಟಾರು ಹೊಡೆದವನಿಗೆ ಮೋಟಾರು ಹೊಡೆಯಲು ಬರುವುದಿಲ್ಲ ಎಂದು ಕಾಗದದ ಮೇಲೆ ಬರೆದು, ಕೆಳಗೆ ಸಹಿ ಹಾಕಿ ಕೈಗೆ ಕೊಟ್ಟರೆ ಹೇಗಾಗಬೇಕು? ಮರಿಲಿಂಗಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಅದೂ ಊರ ಜನರೆದುರು, ಅದೂ ಸುರಪುರದ ಹುಣಸಿ ಏರಿನ ನಟ್ಟನಡುವೆ, ಅದೂ ನಿನ್ನೆ ಮೊನ್ನೆ ಮೀಸೆ ಮೂಡಿದ ಒಬ್ಬ ಸಾಹೇಬನ ಕೈಯಿಂದ.

ನಡೆದದ್ದು ಇಷ್ಟು. ನಿಜಾಮರ ರಾಜ್ಯ ಹೋಗಿ ನಾಲ್ಕು ವರ್ಷವಾಗಿತ್ತು. ಸುರಪುರಕ್ಕೆ ಹೊಸದೊಂದು ಸರ್ಕಾರಿ ಕಚೇರಿ ಬಂತು, ಕಚೇರಿಗೊಂದು ಜೀಪು ಬಂತು, ಜೀಪಿಗೊಬ್ಬ ಡ್ರೈವರು ಬೇಕೆಂದು ಡಂಗುರ ಸಾರಿದರು. ಸುತ್ತಲಿನ ಹಳ್ಳಿಗಳಲ್ಲಿ ಮೋಟಾರು ಹೊಡೆಯಬಲ್ಲವರು ಇಬ್ಬರೇ. ಒಬ್ಬ, ಯಾದಗಿರಿಯಿಂದ ಶಹಾಪುರದ ಮೇಲೆ ಹಾಯ್ದು ಸುರಪುರಕ್ಕೆ ಬಸ್ಸು ತರುವ ಬಾಷುಮಿಯಾ. ಅವನಿಗೆ ಕೆಲಸವಿತ್ತು. ಇನ್ನೊಬ್ಬ ಮರಿಲಿಂಗಪ್ಪ. ಅವನಿಗಿರಲಿಲ್ಲ.

ಮೊದಲು ಇತ್ತು. ವನದುರ್ಗದ ಆಚೆಗಿನ ಜಹಗೀರದಾರರೊಬ್ಬರ ಕರಿ ಮೋಟಾರನ್ನು ಹದಿನೆಂಟು ವರ್ಷ ಹೊಡೆದವನು ಅವನು. ಜಹಗೀರು ಹೋಯಿತು, ಮೋಟಾರು ಯಾರಿಗೋ ಮಾರಿಹೋಯಿತು, ಧಣಿ ಹೈದರಾಬಾದಿನ ದಾರಿ ಹಿಡಿದರು. ಮರಿಲಿಂಗಪ್ಪನ ಪಾಲಿಗೆ ಒಂದು ಖಾಕಿ ಕೋಟು, ಒಂದು ಟೊಪ್ಪಿಗೆ, ಬೇಕಾದಷ್ಟು ಸೊಕ್ಕು ಉಳಿದವು. ಹಗ್ಗ ಸುಟ್ಟರೂ ಹುರಿ ಬಿಡಲಿಲ್ಲ ಎನ್ನುತ್ತಾರಲ್ಲ, ಹಾಗೆ. ಮೋಟಾರು ಹೊಡೆದ ಕೈ ಎತ್ತಿನ ಬಾಲ ಹಿಡಿಯುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತ. ಹೆಂಡತಿ ಸುಗಲಮ್ಮ ಹೊಲಕ್ಕೆ ಹೋಗಿ ಹತ್ತಿ ಬಿಡಿಸಿ ಮನೆ ನಡೆಸಿದಳು. ನಾಲ್ಕು ವರ್ಷ ನಡೆಸಿ ಈಗ ಅವಳೂ ಸೋತಿದ್ದಳು. ಕೆಂಭಾವಿಯಲ್ಲಿದ್ದ ಅವಳ ಅಣ್ಣ, ಸಂತೆಗೆ ಜೋಳದ ಚೀಲ ಸಾಗಿಸಲು ಒಬ್ಬ ಬಂಡಿ ಹೊಡೆಯುವವ ಬೇಕು, ಬರುವುದಾದರೆ ಬರಲಿ, ಒಂದು ಕೋಣೆಯನ್ನೂ ಕೊಡುತ್ತೇನೆ ಎಂದು ಹೇಳಿಕಳಿಸಿದ್ದ. ಜೀಪು ಸಿಕ್ಕರೆ ಸರಿ, ಸಿಗದಿದ್ದರೆ ಅಮಾವಾಸ್ಯೆ ಮುಗಿದ ಮರುದಿನವೇ ಗಂಟುಮೂಟೆ ಕಟ್ಟುವುದು ಎಂದು ಸುಗಲಮ್ಮ ಖಂಡತುಂಡವಾಗಿ ಹೇಳಿದ್ದಳು. ಹೆಂಡತಿಯ ಅಣ್ಣನ ಬಂಡಿ ಹೊಡೆಯುವುದೆಂದರೆ ಮರಿಲಿಂಗಪ್ಪನಿಗೆ ಜೀವಂತ ಹೂತಂತೆಯೇ.

ಪರೀಕ್ಷೆಯ ದಿನ ಅವನು ಕೋಟು ತೊಟ್ಟು ಜೀಪು ಹತ್ತಿದ. ಪಕ್ಕದಲ್ಲಿ ಸಾಹೇಬ ಕೂತ. ಬೇರೆ ಸೀಮೆಯಿಂದ ಬಂದವನು, ಪುಸ್ತಕದ ಕನ್ನಡ ಆಡುವವನು. ಪೇಟೆಯಲ್ಲಿ ಜೀಪು ನೀರಿನ ಹಾಗೆ ಹರಿಯಿತು. ಹುಣಸಿ ಏರಿನ ನಡುವೆ ಬಂದಾಗ ಸಾಹೇಬ, “ಇಲ್ಲಿ ನಿಲ್ಲಿಸು” ಎಂದ.

“ಇಲ್ಲ್ಯಾಕ್ರಿ ಸಾಹೇಬ್ರ? ಮ್ಯಾಲ ಹೋಗಿ ನಿಂದರಸ್ತೀನಿ.”

“ಇಲ್ಲೇ ನಿಲ್ಲಿಸು.”

ನಿಲ್ಲಿಸಿದ.

“ಈಗ ಹೊರಡು.”

ಮರಿಲಿಂಗಪ್ಪ ಬ್ರೇಕಿನ ಮೇಲಿನ ಕಾಲು ತೆಗೆದ. ಅದು ರೇಸಿನ ಕಡೆ ಹೋಗುವಷ್ಟರಲ್ಲಿ ಜೀಪು ಹಿಂದಕ್ಕೆ ಜಾರಿತು. ಗಾಬರಿಯಲ್ಲಿ ಕ್ಲಚ್ಚು ಬಿಟ್ಟ, ಜೀಪು ಒಮ್ಮೆ ಜಿಗಿದು ಸತ್ತಿತು. ಇನ್ನೊಮ್ಮೆ ಮಾಡಿದ, ಮತ್ತೆ ಸತ್ತಿತು. ಮೂರನೆಯ ಸಲ ಅದು ಸಾಯಲಿಲ್ಲ. ಇಳಿಜಾರಿನಲ್ಲಿ ಹಿಂದೆ ಹಿಂದೆ ಹೋಗಿ ಮಲ್ಲಣ್ಣನ ತಿಪ್ಪೆಗೆ ಅಂಡು ಕೊಟ್ಟು ನಿಂತಿತು. ಏರಿನ ಎರಡೂ ಬದಿಯ ಕಟ್ಟೆಗಳಲ್ಲಿ ಕೂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗದೆ ಇದ್ದವಳು ಒಬ್ಬಳೇ, ಗಡಿಗೆ ಮಾರುವ ಹಣಮಂತಮ್ಮ. ತಲೆಯ ಮೇಲೆ ಗಡಿಗೆಯ ಬುಟ್ಟಿ, ಕೈಯಲ್ಲಿ ಕೋಲು, ಒಂದು ಕಾಲು ಕುಂಟು. ದಾರಿಯ ಅಂಚಿಗೆ ನಿಂತು ಕಣ್ಣು ಕೀಲಿಸಿ ನೋಡುತ್ತಿದ್ದಳು. ನಕ್ಕವರಿಗಿಂತ ಆ ನಗದ ಮುದುಕಿಯ ಮೇಲೆಯೇ ಮರಿಲಿಂಗಪ್ಪನಿಗೆ ಹೆಚ್ಚು ಸಿಟ್ಟು ಬಂತು, ಏಕೆಂದು ಅವನಿಗೂ ತಿಳಿಯಲಿಲ್ಲ.

ಸಾಹೇಬ ಕಾಗದ ಬರೆದುಕೊಟ್ಟ. “ಎಂಟು ದಿನ ಬಿಟ್ಟು ಮತ್ತೆ ನೋಡುತ್ತೇನೆ. ಅಷ್ಟರಲ್ಲಿ ಏರಿನಲ್ಲಿ ಗಾಡಿ ಎತ್ತುವುದನ್ನು ಕಲಿತಿರಬೇಕು. ಇಲ್ಲವಾದರೆ ಯಾದಗಿರಿಯಿಂದ ಯಾರನ್ನಾದರೂ ತರಿಸಿಕೊಳ್ಳುತ್ತೇನೆ.”

ಮನೆಗೆ ಬಂದು ಮರಿಲಿಂಗಪ್ಪ ಕೋಟು ಕಳಚಿ ಎಸೆದ. ಆ ಜೀಪಿನ ಕ್ಲಚ್ಚು ಸರಿಯಿಲ್ಲ, ಏರು ವಾರೆ ಐತಿ, ಸಾಹೇಬ ಬೇಕಂತಲೇ ಮಾಡಿದ, ಹಳೇ ಸರ್ಕಾರದವರೆಂದರೆ ಇವರಿಗೆ ಕಣ್ಣುರಿ ಎಂದು ಒಂದೇ ಸಮ ಕೂಗಾಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುಗಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

“ಬಾಷು ಕಾಕಾನ ಬಸ್ಸು ದಿನಾ ಅದ ಏರು ಹತ್ತತೈತಿ ನೋಡ್ರಿ. ಅದಕ್ಕೇನೂ ವಾರೆ ಕಾಣವಲ್ದು,” ಎಂದಳು.

“ನಾ ಅವನ ಹತ್ರ ಹೋಗಿ ಕಲೀಲೇನು? ನಾನು?”

“ಬ್ಯಾಡ್ರಿ. ನಮ್ಮಣ್ಣನ ಎತ್ತಿನ ಹತ್ರ ಕಲೀರಿ.”

ಮರುದಿನ ಮಧ್ಯಾಹ್ನ ಮರಿಲಿಂಗಪ್ಪ ಬಸ್ಸು ನಿಲ್ಲುವ ಜಾಗದಲ್ಲಿದ್ದ. ಬಾಷುಮಿಯಾ ಅರವತ್ತರ ಹತ್ತಿರದವನು, ಮೆಹಂದಿ ಗಡ್ಡ, ಬಾಯಲ್ಲಿ ಸದಾ ಎಲೆಯಡಿಕೆ. ಸುದ್ದಿ ಅವನಿಗೆ ಶಹಾಪುರದಲ್ಲೇ ತಲುಪಿತ್ತು. ಆದರೂ ಎಲ್ಲವನ್ನೂ ಮರಿಲಿಂಗಪ್ಪನ ಬಾಯಿಂದಲೇ ಕೇಳಿ ಖುಷಿಪಟ್ಟ.

“ಅಲ್ಲೋ ಮರಿಲಿಂಗಪ್ಪಾ, ಹದಿನೆಂಟ ವರ್ಷ ಏನ ಮಾಡಿದಿ?”

“ನಮ್ಮ ಗಾಡಿ ಏರಿನ್ಯಾಗ ನಿಲ್ತಿದ್ದಿಲ್ಲ ಕಾಕಾ,” ಎಂದು ಮರಿಲಿಂಗಪ್ಪ ಎದೆ ಸೆಟೆದು ಹೇಳಿದ. “ಧಣ್ಯಾರ ಹುಕುಮು. ಏರಿನ ಬುಡಕ್ಕ ಬಂದು ಮೂರ ಸಲ ಹಾರ್ನ್ ಒತ್ತೂದು, ಮ್ಯಾಲ ಹೋಗೂತನ ಗಾಡಿ ತಡೀಬಾರ್ದು. ಮೂರ ಸಲ ಪೋಂ ಅಂತಂದ್ರ ಮುಗೀತು, ಏರಂಬೋ ಏರ ಖಾಲಿ. ಬಂಡಿ ಇರಲಿ, ದನ ಇರಲಿ, ಹೊರಿ ಹೊತ್ತವರಿರಲಿ, ಎಲ್ಲಾರೂ ಬದಿಗೆ. ನಿಂದ್ರೂ ಪ್ರಸಂಗನ ಬರ್ತಿದ್ದಿಲ್ಲ.”

ಬಾಷುಮಿಯಾ ಎಲೆಯ ರಸ ಉಗುಳಿ, ಬಾಯಿ ಒರೆಸಿಕೊಂಡ. “ನನ್ನ ಬಸ್ಸು ನಿಂದರಲಾರದ ಏರಿಲ್ಲ. ಮುದುಕಿ ಕೈ ಮಾಡಿದ್ರ ನಿಂದ್ರಬೇಕು, ಆಡು ಅಡ್ಡ ಬಂದ್ರ ನಿಂದ್ರಬೇಕು, ಒಬ್ಬನ ರುಮಾಲ ಹಾರಿದ್ರ ನಿಂದ್ರಬೇಕು. ಹಂಗಾಗಿ ಕಲತೆ. ನೀ ದೊಡ್ಡವರ ಗಾಡಿ ಹೊಡದಿ, ಹಂಗಾಗಿ ಉಳದಿ.”

ಇದು ಬೈಗುಳವೋ ಸಮಾಧಾನವೋ ಮರಿಲಿಂಗಪ್ಪನಿಗೆ ಅರ್ಥವಾಗಲಿಲ್ಲ, ಸಿಟ್ಟಂತೂ ಬಂತು. ಕೆಲಸ ತನ್ನದು, ನುಂಗಿಕೊಂಡ.

ಬಸ್ಸು ಸುರಪುರದಲ್ಲಿ ಎರಡು ತಾಸು ನಿಲ್ಲುತ್ತಿತ್ತು. ಅದನ್ನು ತೊಳೆಯಲು ಹುಣಸಿ ಏರಿನ ಮೇಲಿನ ಬಾವಿಗೆ ಒಯ್ಯುವುದು ವಾಡಿಕೆ. ಅದೇ ಪಾಠಶಾಲೆಯಾಯಿತು. ಏರಿನ ನಡುವೆ ಬಸ್ಸು ನಿಲ್ಲಿಸಿ, ತನ್ನ ಸೀಟು ಮರಿಲಿಂಗಪ್ಪನಿಗೆ ಬಿಟ್ಟು ಬಾಷುಮಿಯಾ ಕೆಳಗಿಳಿದ. ಸುಗಲಮ್ಮ ಕಟ್ಟಿಕೊಟ್ಟಿದ್ದ ಬುತ್ತಿಯ ಗಂಟನ್ನು ಮರಿಲಿಂಗಪ್ಪನ ಬದಿಯಿಂದ ಎತ್ತಿಕೊಂಡು ಹೋಗಿ, ಹಿಂದಿನ ಗಾಲಿಯಿಂದ ಗೇಣು ದೂರಕ್ಕೆ ಇಟ್ಟ.

“ಏನಿದು ಕಾಕಾ?”

“ನಿನ್ನ ಬುತ್ತಿ. ಗಾಡಿ ಹಿಂದಕ್ಕ ಬರಲಿಲ್ಲಂದ್ರ ಉಣ್ಣು. ಬಂತಂದ್ರ ಗಾಲಿ ಉಣ್ಣತೈತಿ.” ಆಮೇಲೆ ಕಿಟಕಿಗೆ ಬಂದು ಕಲಿಸತೊಡಗಿದ. “ಬಂಡಿ ಹೊಡಿಯವರು ಏರಿನ್ಯಾಗ ಗಾಲಿಗೆ ಕಲ್ಲ ಕೊಡ್ತಾರ, ನೋಡೀಯಿಲ್ಲ? ಎತ್ತು ನೊಗಕ್ಕ ಹೆಗಲ ಕೊಟ್ಟು, ಮಿಣಿ ಹಗ್ಗ ಬಿಗಿ ಆದ ಮ್ಯಾಲನ ಕಲ್ಲ ತಗೀತಾರ. ಮೊದಲ ತಗದ್ರ ಬಂಡಿ ಹಳ್ಳಕ್ಕ. ಇಲ್ಲಿ ಕೈಬ್ರೇಕ ನಿನ್ನ ಕಲ್ಲು. ಅದನ್ನ ಜಗ್ಗಿ ಹಿಡಿ. ಗೇರ್ ಹಾಕು. ರೇಸ ಸ್ವಲ್ಪ ಕೊಟ್ಟು ಕ್ಲಚ್ ಸಾವಕಾಶ ಬಿಡ್ತಾ ಬಾ. ಗಾಡಿ ಮೂಗ ಎತ್ತತೈತಿ, ಮೈ ನಡಗತೈತಿ, ಇಂಜಿನ್ನಿನ ದನಿ ದಪ್ಪ ಆಗತೈತಿ. ಅದ ಎತ್ತು ಹೆಗಲ ಕೊಡೂದು. ಅಲ್ಲೇ ಕಾಲ ತಡದು, ಕಲ್ಲ ತಗಿ.”

ಎತ್ತಿನ ಬಂಡಿಯ ಮಾತು ಕೇಳಿದ್ದೇ ಮರಿಲಿಂಗಪ್ಪನ ಕಿವಿ ಕೆಂಪಾಯಿತು. ಯಾವುದನ್ನು ತಪ್ಪಿಸಿಕೊಳ್ಳಲು ಇಲ್ಲಿಗೆ ಬಂದಿದ್ದನೋ ಅದೇ ಇಲ್ಲಿ ಗುರುವಾಗಿ ಕೂತಿತ್ತು. ಆ ಸಿಟ್ಟಿನಲ್ಲಿ ಕೈಬ್ರೇಕು ಮೊದಲೇ ಬಿಟ್ಟ. ಬಸ್ಸು ಬುತ್ತಿಯ ಮೇಲೆ ಹಾಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಎಲ್ಲ ಮಣ್ಣುಪಾಲು.

ಎರಡನೆಯ ದಿನವೂ ಗಾಲಿಯೇ ಉಂಡಿತು. ಮೂರನೆಯ ದಿನವೂ. ಸುಗಲಮ್ಮ ಬಿಸಿಲಲ್ಲಿ ಬಗ್ಗಿ ದುಡಿದ ರೊಟ್ಟಿ ಅದು ಎಂಬುದು ಹಸಿದ ಹೊಟ್ಟೆಗೆ ಮೂರನೆಯ ದಿನ ಹೊಳೆಯಿತು. ನಾಲ್ಕು ವರ್ಷ ತುಂಬಿದ ಹೊಟ್ಟೆಗೆ ಇದು ಹೊಳೆದೇ ಇರಲಿಲ್ಲ. ನಾಲ್ಕನೆಯ ದಿನ ಇಂಜಿನ್ನಿನ ದನಿ ದಪ್ಪವಾಗುವುದು ಕಾಲಿಗೆ ತಿಳಿಯಿತು. ಬಸ್ಸು ಬೆರಳಷ್ಟೂ ಹಿಂದೆ ಬಾರದೆ ಮೇಲಕ್ಕೆ ಹೋಯಿತು. ಅಂದು ಅವನು ಉಂಡ ರೊಟ್ಟಿಗೆ ಬೇರೆಯೇ ರುಚಿಯಿತ್ತು.

ಆ ದಿನಗಳಲ್ಲೆಲ್ಲ ಹಣಮಂತಮ್ಮ ಬರುತ್ತಿದ್ದಳು. ಬುಟ್ಟಿಯನ್ನು ಕಟ್ಟೆಯ ಮೇಲಿಳಿಸಿ, ಕುಂಟು ಕಾಲು ಚಾಚಿಕೊಂಡು, ಅವನು ನಿಲ್ಲಿಸಿ ಎತ್ತುವುದನ್ನು ನೋಡುತ್ತ ಕೂರುತ್ತಿದ್ದಳು. ಐದನೆಯ ದಿನ ಮರಿಲಿಂಗಪ್ಪನಿಗೆ ತಡೆಯಲಾಗಲಿಲ್ಲ. ಬುತ್ತಿಯ ಗಂಟು ಕೈಯಲ್ಲಿ ಹಿಡಿದುಕೊಂಡೇ ಅವಳ ಮುಂದೆ ಹೋಗಿ ನಿಂತ.

“ಏನಬೇ ಆಯಿ, ದಿನಾ ಬಂದು ನೋಡಾಕ ಇದೇನ ತಮಾಷಾ ಐತೇನು?”

“ತಮಾಷಾ ಅಲ್ಲ ತಮ್ಮಾ. ನೀ ಈ ಏರಿನ್ಯಾಗ ನಿಂತದ್ದು ನಾ ನೋಡಿದ್ದಿಲ್ಲ. ಅದಕ್ಕ ನೋಡಾಕತ್ತೇನಿ.”

“ನನ್ನ ಗುರುತೈತೇನು ನಿನಗ?”

“ನಿನ್ನ ಮಾರಿ ಗುರುತಿಲ್ಲ. ಹಾರ್ನಿನ ಗುರುತೈತಿ.” ಹಣಮಂತಮ್ಮ ಕೋಲಿನಿಂದ ಏರಿನ ಬದಿಯ ಕಲ್ಲಿನ ಗಟಾರ ತೋರಿಸಿದಳು. “ಹನ್ನೊಂದ ವರ್ಷ ಆತು. ತಲಿಮ್ಯಾಲ ಎಂಟ ಗಡಿಗಿ ಇದ್ವು. ಹಿಂದ ಮೂರ ಸಲ ಪೋಂ ಅಂತು. ಗಡಿಗಿ ಇಳಸೂದರಾಗ ಗಾಡಿ ಬೆನ್ನಿಗೆ ಬಂತು, ಗಟಾರಕ್ಕ ಜಿಗದೆ. ಗಡಿಗಿ ಎಂಟೂ ಒಡದ್ವು. ಕಾಲ ಎರಡ ಕಡೆ ಮುರೀತು. ದೇವಾಪುರದ ನಾಟಿ ವೈದ್ಯ ಕಟ್ಟಿದ, ಸೊಟ್ಟ ಕೂಡಿತು.”

ಮರಿಲಿಂಗಪ್ಪ ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಗಡಿಗೆ ಒಡೆದ ಸದ್ದು, ಹುಲ್ಲಿನ ಹೊರೆ ಉರುಳಿದ್ದು, ಯಾರೋ ಬೈದದ್ದು, ಹಿಂದಿನ ಸೀಟಿನಲ್ಲಿ ಧಣಿ ನಕ್ಕದ್ದು, ಧಣಿ ನಕ್ಕರೆಂದು ತಾನೂ ನಕ್ಕದ್ದು, ಇವೆಲ್ಲ ಹದಿನೆಂಟು ವರ್ಷದಲ್ಲಿ ಎಷ್ಟು ಸಲವೋ. ಅದರಲ್ಲಿ ಇವಳು ಯಾವ ಸಲದವಳೆಂದು ಹೇಗೆ ಹೇಳುವುದು?

“ಅದು ಧಣ್ಯಾರ ಹುಕುಮು ಆಯಿ. ನಾ ಏನ ಮಾಡಾಕ ಬರ್ತಿತ್ತು? ನಾ ಆಳಮನಷ್ಯಾ,” ಎಂದ. ದನಿ ತಾನಾಗಿಯೇ ಏರಿತ್ತು.

“ಹುಕುಮು ಅವರದು. ಹಾರ್ನ್ ಒತ್ತಿದ ಕೈ ಯಾರದು?”

ಬಸ್ಸಿನ ಹಿಂದೆ ನಿಂತಿದ್ದ ಬಾಷುಮಿಯಾ ಎಲೆ ಅಗಿಯುವುದನ್ನು ನಿಲ್ಲಿಸಿದ್ದ.

“ನಿನಗ ಬೈಯಾಕ ಬಂದಿಲ್ಲ,” ಎಂದಳು ಹಣಮಂತಮ್ಮ, ಬುಟ್ಟಿಯನ್ನು ತಲೆಗೇರಿಸಿಕೊಳ್ಳುತ್ತ. “ಸಾಹೇಬ ನಿನ್ನ ಫೇಲ್ ಮಾಡಿದ ಅಂತ ಊರ ತುಂಬ ಬಾಯಿ ಬಡಕೊಳ್ಳಾಕತ್ತಿದ್ದಿ, ಅದನ್ನ ಕೇಳಿ ಹೊಟ್ಟಿ ಉರೀತು. ಹದಿನೆಂಟ ವರ್ಷದಾಗ ನಮ್ಮಂಥವರ ಸಲುವಾಗಿ ಒಮ್ಮೆರ ಇಲ್ಲಿ ನಿಂತಿದ್ರ, ಗಾಡಿ ಎತ್ತೂದು ಅವತ್ತ ಕಲತಿರ್ತಿದ್ದಿ.”

ಕೋಲೂರುತ್ತ ಅವಳು ಏರು ಹತ್ತಿ ಹೋದಳು. ಆ ದಿನ ಬುತ್ತಿ ಗಾಲಿಗೆ ಸಿಗಲಿಲ್ಲ, ಮರಿಲಿಂಗಪ್ಪನೂ ಅದನ್ನು ಬಿಚ್ಚಲಿಲ್ಲ. ಮನೆಗೆ ಬಂದು ಸುಗಲಮ್ಮನ ಮುಂದೆ ಮುದುಕಿಯನ್ನು ಬೈಯಲು ಬಾಯಿ ತೆರೆದ. ಮುದುಕಿ ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಎಂಟನೆಯ ದಿನ ಸಾಹೇಬ ಅವಸರದಲ್ಲಿದ್ದ. ಮಧ್ಯಾಹ್ನದ ಗಾಡಿಗೆ ಯಾದಗಿರಿ ಸ್ಟೇಷನ್ನಿನಲ್ಲಿ ಅವನ ಮೇಲಿನ ಸಾಹೇಬರು ಇಳಿಯುವವರಿದ್ದರು. ಏರಿನ ಮೇಲಿನ ಕಚೇರಿಯಿಂದ ಕಡತ ತೆಗೆದುಕೊಂಡು ಹಾಗೆಯೇ ಹೊರಡಬೇಕಾಗಿತ್ತು.

“ನಿಲ್ಲಿಸುವ ಎತ್ತುವ ಆಟಕ್ಕೆ ಈಗ ಸಮಯವಿಲ್ಲ,” ಎಂದ. “ಒಂದೇ ಓಟಕ್ಕೆ ಮೇಲೆ ಹೋಗು. ಹೋದರೆ ಕೆಲಸ ನಿನ್ನದು.”

ಒಂದೇ ಓಟ. ಹದಿನೆಂಟು ವರ್ಷ ಮಾಡಿದ್ದೇ ಅದು. ಎಂಟು ದಿನದ ಒದ್ದಾಟ ಯಾವುದಕ್ಕಾಗಿತ್ತೋ ಅದೇ ಬೇಡವಂತೆ. ಮರಿಲಿಂಗಪ್ಪ ನಗಬೇಕೋ ಅಳಬೇಕೋ ತಿಳಿಯದೆ ಜೀಪು ಎತ್ತಿದ. ಏರಿನ ಬುಡಕ್ಕೆ ಬಂದದ್ದೇ ತಡ, ಯಾರ ಅಪ್ಪಣೆಯನ್ನೂ ಕೇಳದೆ ಅವನ ಕೈ ಹಾರ್ನಿನ ಮೇಲೆ ಹೋಯಿತು. ಪೋಂ, ಪೋಂ, ಪೋಂ.

ಏರು ಖಾಲಿಯಾಯಿತು. ನಾಲ್ಕು ವರ್ಷವಾಗಿತ್ತು, ರಾಜ್ಯವೇ ಬದಲಾಗಿತ್ತು, ಆದರೂ ಮೂರು ಹಾರ್ನಿಗೆ ಜನ ಹಾಗೆಯೇ ಸಿಡಿದರು. ಬಂಡಿಯವನು ಎತ್ತುಗಳನ್ನು ಗೋಡೆಗೆ ಒತ್ತಿದ. ಮೇವಿನ ಹೊರೆ ಹೊತ್ತಿದ್ದ ಹೆಂಗಸು ಗಟಾರಕ್ಕಿಳಿದಳು. ಮುದುಕನೊಬ್ಬ ಕಟ್ಟೆಯನ್ನು ತಬ್ಬಿಕೊಂಡ. ಮರಿಲಿಂಗಪ್ಪ ಅವರ ಮುಖಗಳನ್ನು ಮೊದಲ ಬಾರಿಗೆ ನೋಡಿದ. ನಾಚಿಕೆಯಾಯಿತು.

“ಭೇಷ್,” ಎಂದ ಸಾಹೇಬ. “ಜನಕ್ಕೆ ಭಯವಿದೆ.”

ಅಷ್ಟರಲ್ಲಿ ಏರಿನ ಕಡಿದಾದ ಜಾಗದಲ್ಲಿ, ದಾರಿಯ ನಟ್ಟನಡುವೆ ಹಣಮಂತಮ್ಮ ಕಂಡಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಗಡಿಗೆ. ಅವಳೂ ಹಾರ್ನು ಕೇಳಿದ್ದಳು. ನಡಿಗೆ ಚೂರೂ ಬದಲಾಗಲಿಲ್ಲ, ಹಿಂದಿರುಗಿಯೂ ನೋಡಲಿಲ್ಲ.

“ಹಾರ್ನ್ ಹೊಡೆ,” ಎಂದ ಸಾಹೇಬ.

ಮರಿಲಿಂಗಪ್ಪ ಬ್ರೇಕು ಒತ್ತಿದ. ಕೈಬ್ರೇಕು ಜಗ್ಗಿದ. ಜೀಪು ಏರಿನ ನಡುವೆ ನಿಂತಿತು.

“ಏನು ಮಾಡುತ್ತಿದ್ದೀಯಾ? ಹೊಡೆ ಎಂದೆನಲ್ಲ. ಒಬ್ಬ ಮುದುಕಿಗಾಗಿ ಸರ್ಕಾರದ ಕೆಲಸ ನಿಲ್ಲಬೇಕೇ?”

ಮರಿಲಿಂಗಪ್ಪನಿಗೆ ಸಿಟ್ಟು ಬಂತು. ಎಂಟು ದಿನದಿಂದ ಸಾಹೇಬನ ಮೇಲೆ ಕುದಿಯುತ್ತಿದ್ದ ಸಿಟ್ಟಲ್ಲ ಇದು, ಅದಕ್ಕಿಂತ ಹಳೆಯದು. ಟೊಪ್ಪಿಗೆ ಬದಲಾಗಿದೆ, ಭಾಷೆ ಬದಲಾಗಿದೆ, ಹಿಂದಿನ ಸೀಟಿನಲ್ಲಿದ್ದವರು ಮುಂದಿನ ಸೀಟಿಗೆ ಬಂದಿದ್ದಾರೆ, ಮಾತು ಮಾತ್ರ ಅದೇ. ಕಂಚಿಗೆ ಹೋದರೂ ಮಂಚಕ್ಕೆ ನಾಲ್ಕೇ ಕಾಲು.

“ಆಕಿ ಹೊರಿ ಹೊತ್ತಾಳ್ರಿ ಸಾಹೇಬ್ರ. ಕಾಲ ಸೊಟ್ಟೈತಿ. ಸರಿಯಾಕ ಬರೂದಿಲ್ಲ.”

“ಕೆಲಸ ಬೇಕೋ ಬೇಡವೋ ನಿನಗೆ?”

ಬೇಕಿತ್ತು. ಸುಗಲಮ್ಮನ ಹತ್ತಿ ಬಿಡಿಸಿ ಸೀಳಿದ ಬೆರಳುಗಳು, ಕೆಂಭಾವಿಯ ಕೋಣೆ, ಭಾವನ ಎತ್ತು, ಎಲ್ಲವೂ ಕಣ್ಣಮುಂದೆ ಬಂದವು. “ಬೇಕ್ರಿ,” ಎಂದ ಮರಿಲಿಂಗಪ್ಪ. ಕೈ ಹಾರ್ನಿನ ಕಡೆ ಹೋಗಲಿಲ್ಲ.

ಹಣಮಂತಮ್ಮ ಹತ್ತು ಹೆಜ್ಜೆ ಮುಂದೆ ಹೋಗಿದ್ದಳು. ಅವನು ಗೇರು ಹಾಕಿ, ಸ್ವಲ್ಪ ರೇಸು ಕೊಟ್ಟು, ಕ್ಲಚ್ಚು ಸಾವಕಾಶ ಬಿಟ್ಟ. ಜೀಪು ಮೂಗೆತ್ತಿತು, ಮೈ ನಡುಗಿಸಿತು, ದನಿ ದಪ್ಪವಾಯಿತು. ಕೈಬ್ರೇಕು ಬಿಟ್ಟ. ಹತ್ತು ಹೆಜ್ಜೆ ಹೋಗಿ ನಿಲ್ಲಿಸಿದ. ಅವಳು ಉಸಿರು ತೆಗೆದುಕೊಳ್ಳಲು ನಿಂತರೆ ಜೀಪೂ ನಿಂತಿತು. ಅವಳು ನಡೆದರೆ ಜೀಪು ನಡೆಯಿತು. ಗಟಾರದಲ್ಲಿದ್ದ ಹೆಂಗಸು ಮೇಲೆ ಬಂದು ಹೊರೆ ಸರಿಮಾಡಿಕೊಂಡಳು, ಬಂಡಿಯವನು ಎತ್ತುಗಳನ್ನು ದಾರಿಗೆ ತಂದ. ಕಟ್ಟೆಗಳಲ್ಲಿ ಯಾರೂ ನಗಲಿಲ್ಲ. ಏಳು ಸಲ ನಿಂತು, ಏಳು ಸಲ ಹೊರಟು, ಒಮ್ಮೆಯೂ ಗೋದಿಕಾಳಿನಷ್ಟು ಹಿಂದೆ ಜಾರದೆ ಜೀಪು ಮುದುಕಿಯ ಬೆನ್ನಿಗೆ ಏರಿನ ತುದಿ ಮುಟ್ಟಿತು.

ಸಾಹೇಬ ಗಡಿಯಾರ ನೋಡುವುದನ್ನು ಯಾವಾಗಲೋ ಬಿಟ್ಟಿದ್ದ. ಮುಖ ಗಂಟಿಕ್ಕಿಕೊಂಡೇ ಕಾಗದ ತೆಗೆದು ಸಹಿ ಮಾಡಿದ. ಮಾಡದೆ ಏನು ಮಾಡುತ್ತಾನೆ? ತಾನೇ ಇಟ್ಟ ಪರೀಕ್ಷೆಯನ್ನು ತನ್ನ ಕಣ್ಣೆದುರೇ ಒಬ್ಬನು ಏಳು ಸಲ ಪಾಸು ಮಾಡಿದ್ದ.

“ಗಾಡಿ ಎತ್ತುವುದು ಬಂತು,” ಎಂದ. “ಇನ್ನು ಹಾರ್ನು ಹೊಡೆಯುವುದು ಕಲಿ.”

“ಅದು ಮೊದಲಿಂದ ಬರ್ತಿತ್ರಿ ಸಾಹೇಬ್ರ. ಬಿಡಾಕ ಎಂಟ ದಿನ ಹಿಡೀತು,” ಎಂದ ಮರಿಲಿಂಗಪ್ಪ.

ಸಾಹೇಬ ಕಡತಕ್ಕೆಂದು ಕಚೇರಿಯೊಳಗೆ ಹೋದ. ಮರಿಲಿಂಗಪ್ಪ ಜೀಪಿನಿಂದಿಳಿದು ಬಾವಿಯ ಕಟ್ಟೆಯ ಹತ್ತಿರ ಹೋಗಿ, ಹಣಮಂತಮ್ಮನ ಬುಟ್ಟಿಗೆ ಕೈಕೊಟ್ಟು ಇಳಿಸಿದ. ಅವಳು ಕಟ್ಟೆಯ ಮೇಲೆ ಕೂತು, ಮಾರುವ ಮುಂಚೆ ಯಾವಾಗಲೂ ಮಾಡುವಂತೆ, ಒಂದೊಂದೇ ಗಡಿಗೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿದು ನೋಡಿದಳು. ಒಂದೊಂದೂ ಠಣ್ಣೆಂದಿತು.

“ಎಂಟೂ ಗಟ್ಟಿ ಅದಾವ,” ಎಂದಳು.